ರಾಜಾಶ್ರಯವಿಲ್ಲದ ಊರಿನಲ್ಲಿ ಸಿಂಫನಿ ವಾದ್ಯವೃಂದ ಉಳಿದದ್ದು ಹೇಗೆ?

ಪ್ರಶ್ನೆ (ಸಪ್ತಾಪುರ, ಧಾರವಾಡ)

ಎಲ್ಲರಿಗೂ ನಮಸ್ಕಾರ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರಂಥ ಗಾಯಕರು ನಮ್ಮ ಈ ಅವಳಿ ನಗರದಲ್ಲಿಯೇ ನೆಲೆಸಿ ಹಾಡಿದರು. ಆದರೆ ಹತ್ತಾರು ವಾದಕರು ಒಟ್ಟಿಗೆ ಕುಳಿತು ನುಡಿಸುವ, ಊರಿನ ಹೆಸರು ಹೊತ್ತು ತಲೆಮಾರುಗಳ ಕಾಲ ನಡೆಯುವ ವಾದ್ಯವೃಂದವೊಂದು ಇಲ್ಲಿ ಬೆಳೆಯಲಿಲ್ಲ. ಜರ್ಮನಿಯ ಲೈಪ್‌ಜಿಗ್ ನಗರದ ಗೆವಾಂಟ್‌ಹೌಸ್ ವಾದ್ಯವೃಂದವು 1743ರಿಂದ ನಡೆದುಬಂದಿದೆಯೆಂದೂ ಅದನ್ನು ಕಟ್ಟಿದವರಲ್ಲಿ ವ್ಯಾಪಾರಸ್ಥರೇ ಮುಂದಿದ್ದರೆಂದೂ ಓದಿದೆ. ಹುಬ್ಬಳ್ಳಿಯೂ ಅರಳೆ, ಬಟ್ಟೆಗಳ ಪೇಟೆಯೇ ಆಗಿರುವುದರಿಂದ ಕುತೂಹಲ ಹೆಚ್ಚಾಯಿತು. ಅರಸನಿಲ್ಲದ ಊರಿನಲ್ಲಿ ಇಷ್ಟು ದೊಡ್ಡ ಮೇಳವನ್ನು ಸಾಕಿದ್ದು ಹೇಗೆ? ತಿಳಿದವರು ವಿವರಿಸಬೇಕಾಗಿ ವಿನಂತಿ.

ಉತ್ತರ 1 (ವಿದ್ಯಾನಗರ, ಹುಬ್ಬಳ್ಳಿ)

ನೀವು ಓದಿದ್ದು ಸರಿ. ಸ್ಯಾಕ್ಸನಿಯ ಆಸ್ಥಾನವಿದ್ದದ್ದು ಡ್ರೆಸ್ಡನ್‌ನಲ್ಲಿ. ಲೈಪ್‌ಜಿಗ್ ವ್ಯಾಪಾರದ ಜಾತ್ರೆಗಳ, ಪುಸ್ತಕ ಪ್ರಕಾಶಕರ, ವಿಶ್ವವಿದ್ಯಾಲಯದ ಊರು. ಹೆಸರಾಂತ ಸಂಗೀತ ರಚನೆಕಾರ ಬಾಕ್ ಇನ್ನೂ ಅಲ್ಲಿನ ಥಾಮಸ್ ಚರ್ಚಿನ ಸಂಗೀತದ ಹೊಣೆ ಹೊತ್ತಿದ್ದ ಕಾಲದಲ್ಲಿ, ಊರಿನ ವರ್ತಕರೂ ಗಣ್ಯರೂ ಸೇರಿ 16 ಜನ ವಂತಿಗೆ ಹಾಕಿ, 16 ವಾದಕರನ್ನು ಕೂಡಿಸಿ ಕಚೇರಿಗಳನ್ನು ಆರಂಭಿಸಿದರು. ಮೊದಲು ಮನೆಗಳಲ್ಲಿ, ಮರುವರ್ಷದಿಂದ ಒಂದು ವಸತಿಗೃಹದಲ್ಲಿ ನಡೆಯುತ್ತಿದ್ದ ಈ ಕಚೇರಿಗಳಿಗೆ 1781ರಲ್ಲಿ ಬಟ್ಟೆ ವರ್ತಕರ ಭವನದೊಳಗೆ ಸ್ವಂತ ಸಭಾಂಗಣ ದೊರೆಯಿತು. ವಾದ್ಯವೃಂದಕ್ಕೆ ಆ ಭವನದ ಹೆಸರೇ ನಿಂತಿತು. ಬೀಥೋವನ್‌ನ ಐದನೆಯ ಪಿಯಾನೊ ಕಾನ್ಚೆರ್ಟೊ (ಪಿಯಾನೊ ಮತ್ತು ವಾದ್ಯವೃಂದ ಒಟ್ಟಾಗಿ ನುಡಿಸುವ ರಚನೆ) ಮೊದಲು ಸಾರ್ವಜನಿಕವಾಗಿ ಕೇಳಿಬಂದದ್ದು 1811ರಲ್ಲಿ, ಅಲ್ಲಿಯೇ.

1835ರಲ್ಲಿ ಇಪ್ಪತ್ತಾರರ ತರುಣ ಮೆಂಡೆಲ್ಸನ್ ಅದರ ಮುಖ್ಯ ನಿರ್ದೇಶಕನಾಗಿ ಬಂದ. ಆತನನ್ನು ಸಂಗೀತ ರಚನೆಕಾರನೆಂದು ಹೊಗಳುವವರು ಆತನ ಆಡಳಿತದ ಕೆಲಸವನ್ನು ಮರೆಯುತ್ತಾರೆಂಬುದು ನನ್ನ ಆಕ್ಷೇಪ. ವಾದಕರ ಸಂಬಳಕ್ಕಾಗಿ ನಗರಾಡಳಿತದೊಂದಿಗೆ ವಾದಿಸಿದವನು ಆತ. ಹಳೆಯ ರಚನೆಗಳನ್ನು ಕಾಲಕ್ರಮದಲ್ಲಿ ನುಡಿಸುವ ಐತಿಹಾಸಿಕ ಕಚೇರಿಗಳನ್ನು ರೂಢಿಗೆ ತಂದವನು ಆತ. 1843ರಲ್ಲಿ ಸಂಗೀತ ಶಾಲೆಯನ್ನು ಸ್ಥಾಪಿಸಿ, ವಾದ್ಯವೃಂದಕ್ಕೆ ಮುಂದಿನ ತಲೆಮಾರಿನ ವಾದಕರು ಊರಿನಲ್ಲಿಯೇ ತಯಾರಾಗುವಂತೆ ಮಾಡಿದವನೂ ಆತನೇ. ರಚನೆಕಾರ ಶೂಮನ್ ವಿಯೆನ್ನಾದಲ್ಲಿ ಪತ್ತೆಹಚ್ಚಿದ ಶೂಬರ್ಟ್‌ನ ದೊಡ್ಡ ಸಿ ಮೇಜರ್ ಸಿಂಫನಿಯನ್ನು (ಇಡೀ ವಾದ್ಯವೃಂದಕ್ಕಾಗಿ ಬರೆದ ದೀರ್ಘ ರಚನೆ), ರಚನೆಕಾರ ತೀರಿಹೋಗಿ ಹತ್ತು ವರ್ಷಗಳ ಮೇಲೆ, 1839ರಲ್ಲಿ ನುಡಿಸಿದ್ದು ಈ ವೃಂದವೇ.

ಮುಂದಿನ ಹಾದಿ ಸುಗಮವಾಗಿರಲಿಲ್ಲ. ನಾಜಿಗಳು 1933ರಲ್ಲಿ ನಿರ್ದೇಶಕ ಬ್ರೂನೊ ವಾಲ್ಟರ್ ಅವರನ್ನು ಯಹೂದಿಯೆಂಬ ಕಾರಣಕ್ಕೆ ಹೊರಹಾಕಿದರು, 1936ರಲ್ಲಿ ಮೆಂಡೆಲ್ಸನ್‌ನ ಪ್ರತಿಮೆಯನ್ನೇ ಕಿತ್ತರು. 1884ರಲ್ಲಿ ಕಟ್ಟಿದ್ದ ಎರಡನೆಯ ಸಭಾಂಗಣ ಯುದ್ಧದ ಬಾಂಬುಗಳಿಗೆ ಹಾಳಾಯಿತು, ಈಗಿನದು 1981ರದು. ಹಾಗಿದ್ದರೂ ವೃಂದ ಚದುರಲಿಲ್ಲ. ಪೂರ್ವ ಜರ್ಮನಿಯ ಆಡಳಿತ ಕುಸಿಯುತ್ತಿದ್ದ 1989ರ ಅಕ್ಟೋಬರ್ 9ರ ಸಂಜೆ ಸಾವಿರಾರು ಜನರು ಬೀದಿಗಿಳಿದಾಗ, ಶಾಂತಿಗಾಗಿ ಆರು ಮಂದಿ ಹೊರಡಿಸಿದ ಮನವಿಯನ್ನು ಧ್ವನಿವರ್ಧಕಗಳಲ್ಲಿ ಓದಿದ ಧ್ವನಿ ನಿರ್ದೇಶಕ ಕುರ್ಟ್ ಮಸೂರ್ ಅವರದಾಗಿತ್ತು.

ಉತ್ತರ 2 (ಮಾಳಮಡ್ಡಿ, ಧಾರವಾಡ)

ಮೇಲಿನ ಉತ್ತರಕ್ಕೆ ಒಂದು ತಿದ್ದುಪಡಿ ಬೇಕೆನಿಸುತ್ತದೆ. ವರ್ತಕರ ವಂತಿಗೆಯೇ ಕಾರಣವೆಂದು ತಿಳಿದರೆ ಮುಂಬೈಯ ಕಥೆ ಅರ್ಥವಾಗುವುದಿಲ್ಲ. ಅಲ್ಲಿ ಹಣವಂತರಿಗೂ ರಸಿಕರಿಗೂ ಕೊರತೆಯಿರಲಿಲ್ಲ. ವಾದ್ಯವೃಂದ ನಿರ್ದೇಶಕ ಜುಬಿನ್ ಮೆಹ್ತಾ ಅವರ ತಂದೆ ಮೆಹ್ಲಿ ಮೆಹ್ತಾ 1935ರಲ್ಲಿ ಬಾಂಬೆ ಸಿಂಫನಿ ಆರ್ಕೆಸ್ಟ್ರಾವನ್ನು ಕಟ್ಟಿದರು. ಆದರೂ ಅದು ಲೈಪ್‌ಜಿಗ್‌ನಂತೆ ಬೇರೂರಲಿಲ್ಲ. ಚೆನ್ನಾಗಿ ನುಡಿಸಬಲ್ಲ ಗೋವೆಯ ವಾದಕರಿಗೆ ಹೊಟ್ಟೆ ತುಂಬಿಸುತ್ತಿದ್ದುದು ಸಿನಿಮಾ ಸ್ಟುಡಿಯೊ ಮತ್ತು ಹೋಟೆಲಿನ ಬ್ಯಾಂಡು, ಸಿಂಫನಿಯಲ್ಲ. ಲೈಪ್‌ಜಿಗ್‌ನ ವಾದಕರಾದರೋ ಇಂದಿಗೂ ಕಚೇರಿಯಲ್ಲಿ, ನಗರದ ಒಪೆರಾದಲ್ಲಿ, ಥಾಮಸ್ ಚರ್ಚಿನಲ್ಲಿ, ಹೀಗೆ ಮೂರು ಕಡೆ ನುಡಿಸುತ್ತಾರೆ. ವರ್ಷವಿಡೀ ಕೆಲಸವಿರುವುದರಿಂದಲೇ ವರ್ಷವಿಡೀ ಸಂಬಳವೂ ಇದೆ. ಮುಂಬೈಯ ಎನ್‌ಸಿಪಿಎ (ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರ) ಸಂಸ್ಥೆ 2006ರಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾವನ್ನು ಸ್ಥಾಪಿಸಿದಾಗ, ಕಜಕಸ್ತಾನದ ಪಿಟೀಲುವಾದಕ ಮರಾತ್ ಬಿಸೆಂಗಲಿಯೆವ್ ಅವರ ನೆರವು ಪಡೆದು, ವಿದೇಶಿ ವಾದಕರನ್ನು ದೊಡ್ಡ ಸಂಖ್ಯೆಯಲ್ಲಿ ಕರೆಸಬೇಕಾಯಿತು. ಕಲಿಸುವ ವ್ಯವಸ್ಥೆಯನ್ನು ಆಮೇಲೆ ಕಟ್ಟುತ್ತ ಬಂದರು. ಮೆಂಡೆಲ್ಸನ್‌ಗೆ ಮಾತ್ರ ವೃಂದ ಮೊದಲೇ ಸಿದ್ಧವಿತ್ತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ನಮ್ಮ ಭಾಗದಲ್ಲಿ ವಾದಕರಿಗೆ ತಿಂಗಳ ಸಂಬಳ ಕೊಡುತ್ತಿದ್ದ ಜಾಗ ಯಾವುದಿತ್ತು, ಸರ್? ಪಾಶ್ಚಾತ್ಯ ಸಂಗೀತದ ಪರಿಚಯವೇ ಇಲ್ಲಿರಲಿಲ್ಲವೆನ್ನಲಾಗದು. ಬಾಸೆಲ್ ಮಿಷನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ.

ಉತ್ತರ 3 (ಗದಗ)

ಮಿಷನ್ ಬಂದಿತು, ಜರ್ಮನ್ ಧಾಟಿಯ ಕನ್ನಡ ಗೀತೆಗಳೂ ಬಂದವು. ಆದರೆ ಚರ್ಚಿಗೆ ಬೇಕಾದದ್ದು ಹಾಡುವ ಸಭೆಯೇ ಹೊರತು ವಾದ್ಯಗಳ ದಂಡಲ್ಲ. ನಮ್ಮ ಗಾಯನಕ್ಕೂ ತಬಲಾ, ಪೇಟಿ, ತಂಬೂರಿ ಸಾಕು. ಸಂಬಳದ ಜಾಗವೆಂದರೆ ಕಂಪನಿ ನಾಟಕ. ಪೇಟಿ ಮಾಸ್ತರರಿಲ್ಲದೆ ಯಾವ ಕಂಪನಿಯ ಪರದೆಯೂ ಏಳುತ್ತಿರಲಿಲ್ಲ. ನಮ್ಮೂರಿನ ವೀರೇಶ್ವರ ಪುಣ್ಯಾಶ್ರಮವೇ ಒಂದು ನಾಟಕ ಕಂಪನಿಯನ್ನು ನಡೆಸಿ, ಅದರ ಆದಾಯದಿಂದ ಅಂಧ ವಿದ್ಯಾರ್ಥಿಗಳ ಊಟ, ಪಾಠಗಳನ್ನು ನೋಡಿಕೊಂಡಿತು. ಪಂಚಾಕ್ಷರಿ ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದ ಮೇಲೆ ಆ ಹೊಣೆ ಪುಟ್ಟರಾಜ ಗವಾಯಿಗಳದಾಯಿತು. ಕಲಿಸುವುದು, ಕಲಿತವನಿಗೆ ಕೆಲಸ, ಆ ಕೆಲಸದ ಹಣದಿಂದ ಮತ್ತೆ ಕಲಿಸುವುದು, ಈ ಮೂರೂ ಅಲ್ಲಿ ಒಂದೇ ಸೂರಿನಡಿ ಇದ್ದವು. ಲೈಪ್‌ಜಿಗ್‌ಗೆ ಹೋಲಿಕೆ ಬೇಕಿದ್ದರೆ ನಾನು ಇದನ್ನೇ ಮುಂದಿಡುತ್ತೇನೆ.

ಎರಡನೆಯ ಜಾಗ 1950ರ ಜನವರಿಯಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ. ಮನ್ಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು, ನಿಲಯದ ಕಲಾವಿದರೆಂದು ವಾದಕರಿಗೂ ಹುದ್ದೆಗಳಿದ್ದವು. ದೆಹಲಿಯ ಆಕಾಶವಾಣಿಯಲ್ಲಿ ರವಿಶಂಕರರು ಭಾರತೀಯ ವಾದ್ಯಗಳದೇ ವಾದ್ಯವೃಂದವನ್ನು ಕಟ್ಟಿದ್ದು ಇಂಥ ಸಂಬಳದ ಕಲಾವಿದರನ್ನು ನಂಬಿಯೇ. ಹುಬ್ಬಳ್ಳಿಯ ವ್ಯಾಪಾರಸ್ಥರನ್ನು ಮಾತ್ರ ದೂರಬೇಡಿ. ಅವರ ವಂತಿಗೆ ಆಗ ನಾಟಕದ ತಿಕೀಟಿಗೂ ಮಠದ ಜಾತ್ರೆಗೂ ಹೋಗುತ್ತಿತ್ತು, ಈಗಲೂ ಜಾತ್ರೆಗೆ ಹೋಗುತ್ತಿದೆ.