ಮರೆವಿನ ಕಾಯಿಲೆಯ ತಂದೆಯೂ ಇಸ್ಪೀಟಿನ ಗೆಳೆಯರೂ

ಪ್ರಶ್ನೆ (ಮಾಟುಂಗಾ, ಮುಂಬಯಿ):
ನನ್ನ ತಂದೆಯವರಿಗೆ 76 ವರ್ಷ. ಆಲ್ಝೈಮರ್ ಕಾಯಿಲೆಯೆಂದು ತಿಳಿದು ಎರಡು ವರ್ಷವಾಯಿತು. ನಿವೃತ್ತರಾದ ಮೇಲೆ ಪ್ರತಿ ಸಂಜೆ ಮೂವರು ಗೆಳೆಯರೊಡನೆ ಇಸ್ಪೀಟು ಆಡುತ್ತಿದ್ದರು. ಈಗ ತುರುಫು ಯಾವುದೆಂಬುದು ಆಟದ ನಡುವೆಯೇ ಮರೆತುಹೋಗುತ್ತದೆ, ತಿದ್ದಿದರೆ ಸಿಟ್ಟಾಗುತ್ತಾರೆ. ಗೆಳೆಯರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಅವರನ್ನು ದೂರುತ್ತಿಲ್ಲ. ಆದರೆ ಐದು ಗಂಟೆಯಾದೊಡನೆ ತಂದೆಯವರು ಅಂಗಿ ಬದಲಿಸಿ ಬಾಗಿಲ ಬಳಿ ಕುಳಿತುಕೊಳ್ಳುತ್ತಾರೆ. ಗೆಳೆಯರನ್ನು ಮತ್ತೆ ಕರೆಯಬಹುದೇ? ಕರೆದರೆ ಏನು ಆಡಿಸುವುದು?

ಉತ್ತರ (ಠಾಣೆ):
ನನ್ನ ತಾಯಿಯವರ ಅನುಭವ ಹೇಳುತ್ತೇನೆ. ಅವರಿಗೆ ಬೆಳಗಿನ ತಿಂಡಿ ನೆನಪಿರುತ್ತಿರಲಿಲ್ಲ, ಆದರೆ ಊರಿನಿಂದ ತಂದ ಚೆನ್ನೆಮಣೆಯನ್ನು ಮುಂದಿಟ್ಟರೆ ಹದಿನಾಲ್ಕು ಗುಳಿಗಳಿಗೂ ಮಂಜೊಟ್ಟಿ ಕಾಳುಗಳನ್ನು ತಪ್ಪದೆ ಹಾಕುತ್ತಾ ಹೋಗುತ್ತಿದ್ದರು. ಹೊಸ ನೆನಪು ಮೊದಲು ಅಳಿಯುತ್ತದೆ, ಕೈಗೆ ರೂಢಿಯಾದದ್ದು ಬಹುಕಾಲ ಉಳಿಯುತ್ತದೆ ಎಂದು ವೈದ್ಯರು ವಿವರಿಸಿದ್ದರು. ಗೆದ್ದವರು ಯಾರೆಂದು ನಾವು ಎಣಿಸುತ್ತಲೇ ಇರಲಿಲ್ಲ. ಕಾಳುಗಳನ್ನು ಬಾಯಿಗೆ ಹಾಕಿಕೊಳ್ಳದಂತೆ ಮಾತ್ರ ಒಬ್ಬರು ಪಕ್ಕದಲ್ಲಿರಲೇಬೇಕು.

ಉತ್ತರ (ಡೊಂಬಿವಲಿ):
ಖಂಡಿತ ಕರೆಯಿರಿ, ಆದರೆ ಮೂವರನ್ನೂ ಒಟ್ಟಿಗೆ ಬೇಡ. ಸಂಜೆ ಕಳವಳ ಹೆಚ್ಚುವುದು ಈ ಕಾಯಿಲೆಯಲ್ಲಿ ಸಾಮಾನ್ಯವಾದ್ದರಿಂದ ಬೆಳಿಗ್ಗೆ ಹತ್ತರ ಹೊತ್ತು ವಾಸಿ. ಬರುವವರಿಗೆ ಮುಂಚೆಯೇ ಒಂದು ಮಾತು ಹೇಳಿಡಿ: "ನಾನು ಯಾರು, ಹೇಳಿ ನೋಡೋಣ" ಎಂದು ಪರೀಕ್ಷಿಸಬಾರದು, ಬಂದವರೇ ಹೆಸರು ಹೇಳಿಕೊಳ್ಳಬೇಕು. ಮಾತುಕತೆ, ಆಟಗಳ ಮೂಲಕ ಬುದ್ಧಿಗೆ ಚಟುವಟಿಕೆ ಕೊಡುವ ಕಾಗ್ನಿಟಿವ್ ಸ್ಟಿಮ್ಯುಲೇಶನ್ ಥೆರಪಿ ಎಂಬ ಪದ್ಧತಿಯಲ್ಲಿ, ಕಾಯಿಲೆ ತೀರಾ ಮುಂದುವರಿಯದವರ ಸಣ್ಣ ಗುಂಪನ್ನು ವಾರಕ್ಕೆರಡು ಸಲದಂತೆ ಏಳು ವಾರ, ಒಟ್ಟು 14 ಸಲ ಸೇರಿಸುತ್ತಾರೆ. ಅಲ್ಲಿಯೂ ಸರಿ ಉತ್ತರ ಕೇಳದೆ ಅಭಿಪ್ರಾಯ ಕೇಳುವುದೇ ಕ್ರಮ. ಹಳೆಯ ಫೋಟೊ ತೋರಿಸಿ ಇಸವಿ ಕೇಳಿದರೆ ಅವರು ತಡವರಿಸುತ್ತಾರೆ, ಊರಿನ ಕೊಟ್ಟೆ ಕಡುಬು ರುಚಿಯೋ ಇಲ್ಲಿನ ಇಡ್ಲಿಯೋ ಎಂದರೆ ವಾದಕ್ಕೇ ಇಳಿಯಬಹುದು.

ಇನ್ನೊಂದು ವಿಷಯ: ಐವತ್ತು ವರ್ಷ ಮರಾಠಿ, ಹಿಂದಿಯಲ್ಲಿ ವ್ಯವಹರಿಸಿದವರೂ ಈ ಕಾಯಿಲೆಯಲ್ಲಿ ತಾಯ್ನುಡಿಗೆ ಮರಳುವುದುಂಟು. ನಮ್ಮ ಮಾವನವರನ್ನು ನೋಡಿಕೊಳ್ಳಲು ಬರುತ್ತಿದ್ದ ಹುಡುಗನಿಗೆ ಕನ್ನಡ ಬಾರದೆ, ಅವರು ಹಟಮಾರಿ ಎಂದು ನಾವೇ ತಪ್ಪು ತಿಳಿದಿದ್ದೆವು. ಕನ್ನಡದ ಗೆಳೆಯರು ಇರುವುದೇ ನಿಮ್ಮ ಭಾಗ್ಯ. ಮಾತು ಸರಿಯಾಗಿ ಕೇಳಿಸದೆಯೂ ಇರಬಹುದು, ಕಿವಿಯನ್ನೂ ಒಮ್ಮೆ ಪರೀಕ್ಷೆ ಮಾಡಿಸಿ.

ಪ್ರಶ್ನೆ ಕೇಳಿದವರು:
ಒಬ್ಬ ಗೆಳೆಯರು ಭಾನುವಾರ ಹತ್ತು ಗಂಟೆಗೆ ಬರಲು ಒಪ್ಪಿದ್ದಾರೆ. ಇಸ್ಪೀಟನ್ನು ಕಣ್ಣಿಗೆ ಬೀಳದಂತೆ ಎತ್ತಿಡಲೇ?

ಉತ್ತರ (ಠಾಣೆ):
ಎತ್ತಿಡಬೇಡಿ. ಎಲೆ ಕಲಸುವ ಕೆಲಸವನ್ನು ತಂದೆಯವರಿಗೇ ಕೊಡಿ.