ತುತ್ತು ಸಿಕ್ಕಿಕೊಂಡವರ ಬೆನ್ನಿಗೆ ಹೊಡೆದದ್ದು ತಪ್ಪಾ?

ಮೂಲೆ ಟೇಬಲ್: ನಿನ್ನೆ ಬೆಳಿಗ್ಗೆ ತಿಂಡಿಗೆ ಹೋಟೆಲಿಗೆ ಹೋಗಿದ್ದೆ. ಪಕ್ಕದ ಟೇಬಲಿನಲ್ಲಿ ಒಬ್ಬ ಹಿರಿಯರು ಫೋನಿನಲ್ಲಿ ಮಾತಾಡುತ್ತಾ ತಿನ್ನುತ್ತಿದ್ದರು. ಇದ್ದಕ್ಕಿದ್ದಂತೆ ಮಾತು ನಿಂತಿತು. ಎರಡೂ ಕೈ ಕುತ್ತಿಗೆಗೆ ಹೋಯಿತು. ಕೆಮ್ಮೂ ಇಲ್ಲ, ಸದ್ದೂ ಇಲ್ಲ. "ನೆತ್ತಿಗೆ ಹತ್ತಿದೆ, ನೀರು ಕುಡಿಸಿ" ಅಂತ ಒಬ್ಬರು ಲೋಟ ತಂದರು. ನಾನು ಲೋಟ ತಳ್ಳಿ, ಅವರನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ನಾಲ್ಕೈದು ಸಲ ಜೋರಾಗಿ ಹೊಡೆದೆ. ತುತ್ತು ಹೊರಗೆ ಬಿತ್ತು. ಅವರು ಉಸಿರೆಳೆದುಕೊಂಡರು. ಅಷ್ಟರಲ್ಲಿ ಹಿಂದಿನಿಂದ ಇನ್ನೊಬ್ಬರು "ಹೊಡೆದರೆ ಇನ್ನೂ ಒಳಗೆ ಹೋಗುತ್ತೆ, ಸಾಯಿಸಿಬಿಡ್ತಿದ್ರಲ್ರೀ!" ಅಂತ ಬೈದರು. ಲೋಟ ತಂದವರ ಅಂಗಿ ಪೂರ್ತಿ ಒದ್ದೆ, ಅವರಿಗೂ ಕೋಪ. ನಾನು ಮಾಡಿದ್ದು ತಪ್ಪಾ?

ಹಳೇ ಪೇಪರ್: ಬೈದವರು ಹೇಳಿದ್ದರಲ್ಲಿ ಅರ್ಥ ಇದೆ. ಹೊಟ್ಟೆ ಒತ್ತುವ ವಿಧಾನವನ್ನು 1974ರಲ್ಲಿ ಹೇಳಿಕೊಟ್ಟ ಡಾಕ್ಟರ್ ಹೆನ್ರಿ ಹೈಮ್ಲಿಕ್ ಅವರೇ ಬೆನ್ನಿಗೆ ಹೊಡೆಯುವುದನ್ನು ವಿರೋಧಿಸಿದ್ದರು. ನಿಮಗೆ ಅದೃಷ್ಟ ಇತ್ತು, ಅಷ್ಟೇ.

ನೈಟ್ ಡ್ಯೂಟಿ ನರ್ಸ್: ಸಾರ್, ಹೈಮ್ಲಿಕ್ ಹಾಗೆ ಹೇಳಿದ್ದು ನಿಜ. ಆದರೆ ಮಾತು ಅಲ್ಲಿಗೇ ನಿಂತಿಲ್ಲ. ರೆಡ್ ಕ್ರಾಸ್ ಬಹಳ ಕಾಲದಿಂದ ಬೆನ್ನಿಗೆ 5 ಏಟು, ಆಮೇಲೆ ಹೊಟ್ಟೆಗೆ 5 ಒತ್ತು ಅಂತಲೇ ಕಲಿಸುತ್ತಿದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ದೊಡ್ಡವರಿಗೆ ಹೊಟ್ಟೆ ಒತ್ತುವುದೊಂದನ್ನೇ ಹೇಳುತ್ತಿತ್ತು. 2025ರಲ್ಲಿ ಅದೂ ಬೆನ್ನಿನ ಏಟಿನಿಂದ ಶುರು ಮಾಡಿ ಅಂತ ಬದಲಾಯಿಸಿಕೊಂಡಿತು. ಮುಖ್ಯವಾದದ್ದು ಮುಂದಕ್ಕೆ ಬಗ್ಗಿಸೋದು. ನೆಟ್ಟಗೆ ಕೂರಿಸಿ ಹೊಡೆಯಬಾರದು. ಅಂಗೈ ಬುಡದಿಂದ, ಎರಡು ಹೆಗಲೆಲುಬಿನ ನಡುವೆ. ಮೂಲೆ ಟೇಬಲ್ ಅವರೇ, ನೀವು ಮಾಡಿದ್ದು ಸರಿ.

ಹಳೇ ಪೇಪರ್: 2025ರದ್ದು ಗೊತ್ತಿರಲಿಲ್ಲ ಮೇಡಂ. ಆದರೂ ಯಾರಿಗೆ ಕೆಮ್ಮು ಬಂದರೂ ಹೋಗಿ ಗುದ್ದುವವರು ಇದ್ದಾರಲ್ಲ, ಅದು ನನ್ನ ತಕರಾರು.

ನೈಟ್ ಡ್ಯೂಟಿ ನರ್ಸ್: ಅದನ್ನು ನಾನೂ ಒಪ್ಪುತ್ತೇನೆ. ಜೋರಾಗಿ ಕೆಮ್ಮುತ್ತಿದ್ದರೆ ಮುಟ್ಟಬೇಡಿ, ಕೆಮ್ಮಲು ಬಿಡಿ. ಕೆಮ್ಮಿಗಿಂತ ಒಳ್ಳೆ ಉಪಾಯ ಇಲ್ಲ. ಮಾತಾಡಲು ಆಗ್ತಿದೆಯಾ ಅಂತ ಕೇಳಿ. ಸದ್ದೇ ಬರದಿದ್ದರೆ ಮಾತ್ರ ಕೈ ಹಾಕಿ.

ಎರಡು ಮಕ್ಕಳ ತಾಯಿ: ಪುಟ್ಟ ಮಗುವಾದರೆ?

ನೈಟ್ ಡ್ಯೂಟಿ ನರ್ಸ್: ಒಂದು ವರ್ಷದೊಳಗಿನ ಮಗುವಿನ ಹೊಟ್ಟೆ ಒತ್ತಲೇಬಾರದು. ಬೋರಲು ಮಲಗಿಸಿ, ತಲೆ ತಗ್ಗಿಸಿ ಬೆನ್ನಿಗೆ 5 ಏಟು, ಮತ್ತೆ ತಿರುಗಿಸಿ ಎದೆ ಮೇಲೆ 5 ಒತ್ತು. ತುಂಬು ಗರ್ಭಿಣಿಯರಿಗೂ ಎದೆಯೇ. ಕಣ್ಣಿಗೆ ಕಾಣದ್ದನ್ನು ಬೆರಳು ಹಾಕಿ ತಡಕಾಡಬೇಡಿ. ಪ್ರಜ್ಞೆ ತಪ್ಪಿದರೆ ನೆಲಕ್ಕೆ ಮಲಗಿಸಿ, ಆಂಬುಲೆನ್ಸ್ ಕರೆಸಿ, ಸಿಪಿಆರ್ (ಎದೆ ಒತ್ತಿ, ಬಾಯಿಂದ ಉಸಿರು ಕೊಡೋದು) ಶುರು ಮಾಡಿ. ಹೊಟ್ಟೆ ಒತ್ತಿಸಿಕೊಂಡವರು ಆಮೇಲೆ ಆರಾಮಾಗಿದ್ದರೂ ಡಾಕ್ಟರಿಗೆ ತೋರಿಸಲೇಬೇಕು, ಒಳಗೆ ಪೆಟ್ಟಾಗಿರಬಹುದು.

ಸುಮ್ನೆ ಓದುಗ: ಎಲ್ಲಾ ಸರಿ, ಲೋಟ ತಂದವರು ಏನು ತಪ್ಪು ಮಾಡಿದ್ರು? ಪಾಪ, ಒಳ್ಳೆ ಮನಸ್ಸಿನಿಂದ ಬಂದವರಿಗೆ ನೀರು ಎರಚಿ ಕಳಿಸಿದ್ದೀರಿ.

ನೈಟ್ ಡ್ಯೂಟಿ ನರ್ಸ್: ಮನಸ್ಸು ಒಳ್ಳೆಯದೇ. ಆದರೆ ಉಸಿರಿನ ದಾರಿ ಮುಚ್ಚಿರುವಾಗ ನೀರು ಹೋಗುವುದಾದರೂ ಎಲ್ಲಿಗೆ?

ಸಪ್ಲೈಯರ್: ನಾನು ಹೋಟೆಲಿನಲ್ಲೇ ಕೆಲಸ ಮಾಡೋನು. ಇಂಥದ್ದು ಆದಾಗ ನಮಗೆ ಕೈಕಾಲೇ ಆಡಲ್ಲ. ಮುಟ್ಟಿದರೆ, ಹೆಚ್ಚುಕಮ್ಮಿ ಆದರೆ ನಮ್ಮ ತಲೆಗೇ ಬರುತ್ತೆ. ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿದೆ ಅಂತ ತೋರಿಸಿದ್ದಾರೆ, ಇದನ್ನು ಯಾರೂ ಹೇಳಿಕೊಟ್ಟಿಲ್ಲ.

ಹಳೇ ಪೇಪರ್: ಇಡೀ ದಿನ ಜನ ತಿನ್ನುವ ಜಾಗದಲ್ಲಿ ಇದನ್ನೇ ಕಲಿಸದಿದ್ದರೆ ಹೇಗೆ? ಮಾಲೀಕರದ್ದೇ ತಪ್ಪು.

ಸುಮ್ನೆ ಓದುಗ: ಮನೆಯಲ್ಲೂ ದಿನಕ್ಕೆ ಮೂರು ಹೊತ್ತು ತಿಂತೀವಿ ಸಾರ್. ನಿಮ್ಮ ಮನೆಯಲ್ಲಿ ಯಾರು ಕಲಿತಿದ್ದಾರೆ?

ಹಳೇ ಪೇಪರ್: ನಾನು ಕಲಿತಿಲ್ಲ. ಒಪ್ಪಿಕೊಂಡೆ.

ಒಂಟಿ ಊಟ: ಒಬ್ಬರೇ ಇದ್ದರೆ ಏನು ಮಾಡೋದು? ನನ್ನದು ದಿನಾ ಅದೇ ಕಥೆ.

ನೈಟ್ ಡ್ಯೂಟಿ ನರ್ಸ್: ಮೊದಲು ಸಹಾಯಕ್ಕೆ ಫೋನ್ ಒತ್ತಿ, ಮಾತು ಬರದಿದ್ದರೂ ಪರವಾಗಿಲ್ಲ. ಆಮೇಲೆ ಗಟ್ಟಿಯಾದ ಕುರ್ಚಿಯ ಬೆನ್ನಿನ ಮೇಲೆ ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಹೊಟ್ಟೆ ಬರುವಂತೆ ಬಗ್ಗಿ, ಜೋರಾಗಿ ಒತ್ತಿಕೊಳ್ಳಿ.

ಮೂಲೆ ಟೇಬಲ್: ಎಲ್ಲರಿಗೂ ಥ್ಯಾಂಕ್ಸ್. ಒಂದು ವಿಷಯ ಬಿಟ್ಟಿದ್ದೆ. ಆ ಗಲಾಟೆಯಲ್ಲಿ ಹಿರಿಯರ ಫೋನ್ ಕಟ್ಟಾಗಿರಲಿಲ್ಲ. ಕೆಳಗೆ ಬಿದ್ದ ಫೋನಿನಿಂದ ಒಂದು ಹುಡುಗಿಯ ದನಿ "ಅಪ್ಪಾ, ಅಪ್ಪಾ" ಅಂತ ಕೂಗುತ್ತಲೇ ಇತ್ತು. ನಾನೂ ಆ ಬೈದವರೂ ಜಗಳಕ್ಕೆ ನಿಂತಿದ್ದೆವು. ಫೋನ್ ಎತ್ತಿಕೊಂಡು "ಅಪ್ಪ ಚೆನ್ನಾಗಿದಾರಮ್ಮ, ಇಗೋ ಕೊಡ್ತೀನಿ" ಅಂದದ್ದು ಒದ್ದೆ ಅಂಗಿಯವರು.