ಕರಡಿಗೂ ಒಂದು ಕಾಲ

ನಮ್ಮ ಗೆಳೆಯನೊಬ್ಬನಿಗೆ ಕಾಲೇಜಿನಲ್ಲೇ 'ಕರಡಿ' ಅಂತ ಹೆಸರು ಬಿದ್ದಿತ್ತು. ಕತ್ತಿನ ಗುಂಡಿ ಹಾಕಿದರೂ ಕಾಲರ್ ಸಂದಿಯಿಂದ ನಾಲ್ಕು ಕೂದಲು ಹೊರಗೆ ಇಣುಕುತ್ತವೆ, ಯಾರು ಬಂದರು ಅಂತ ನೋಡುವ ಹಾಗೆ. ಇಪ್ಪತ್ತು ವರ್ಷ ಆ ಹೆಸರಿಗೆ ಸಿಡಿಮಿಡಿಗೊಂಡವನು ಮೊನ್ನೆ ಮೇಷ್ಟ್ರ ಮನೆಗೆ ಬಂದವನೇ ಎದೆ ಉಬ್ಬಿಸಿ ಹೇಳಿದ, "ಇನ್ನು ಮೇಲೆ ಧಾರಾಳವಾಗಿ ಕರಡಿ ಅನ್ನಿ. ನಮ್ಮವರಲ್ಲಿ ಅದು ಬಿರುದು."

ನಮ್ಮವರು ಅಂದರೆ ಗೇ ಗಂಡಸರು. ಅವನು ಗೇ ಅನ್ನೋದು ನಮಗೆ ಹಳೇ ಸುದ್ದಿ. ಬಿರುದಿನ ವಿಷಯ ಹೊಸದು.

"ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗಾಯ್ತು," ಅಂದರು ಮೇಷ್ಟ್ರು. ಡ್ರಾಯಿಂಗ್ ಮೇಷ್ಟ್ರಾಗಿ ರಿಟೈರ್ ಆದವರು. ಆಗಷ್ಟೇ ಇಟಲಿಯ ಶಿಲ್ಪಿ ಮೈಕೆಲೇಂಜೆಲೊ ಬಗ್ಗೆ ಪಾಠ ಶುರು ಮಾಡಿದ್ದರು.

"ನಾನೂ ಅಲ್ಲಿಗೇ ಬರ್ತಿದ್ದೆ ಮೇಷ್ಟ್ರೇ. ಅವನು ಕೆತ್ತಿದ ಆ ಡೇವಿಡ್ ವಿಗ್ರಹದ ಎದೆ ನೋಡಿ. ಹೆಸರಿಗಾದರೂ ಒಂದು ಕೂದಲಿದೆಯಾ? ಹೊಕ್ಕುಳ ಕೆಳಗೆ ಮಾತ್ರ ಬಾಚಿಟ್ಟ ಹಾಗೆ ಸುರುಳಿ ಸುರುಳಿ."

"ಅಮೃತಶಿಲೆ ಕಣೋ. ಒಂದೊಂದೇ ಕೂದಲು ಕೆತ್ತುತ್ತಾ ಕೂತರೆ ಮುಗಿಯುತ್ತಾ?" ಅಂದ ನುಣುಪ. ಇವನ ಕೆನ್ನೆಗೆ ವಾರಕ್ಕೊಮ್ಮೆ ಬ್ಲೇಡ್ ತೋರಿಸಿದರೆ ಸಾಕು. ಎದೆಯಂತೂ ಕನ್ನಡಿ. ಹೆಸರು ಅದಕ್ಕೇ.

ಮೇಷ್ಟ್ರು ಬಿಡಲಿಲ್ಲ. "ಕೈಲಾಗಲಿಲ್ಲ ಅನ್ನಬೇಡ. ಪ್ರವಾದಿ ಮೋಸೆಸ್‌ನನ್ನು ಕೆತ್ತಿದ್ದೂ ಅದೇ ಕೈ. ಆ ಗಡ್ಡ ನೋಡಿದ್ದೀಯಾ? ಹೊಳೆ ಇಳಿದ ಹಾಗೆ ಎದೆ ದಾಟಿ ಕೆಳಕ್ಕೆ ಹೋಗಿದೆ. ಅದರೊಳಗೆ ಬೆರಳು ಸಿಕ್ಕಿಸಿಕೊಂಡು ಕೂತಿದ್ದಾನೆ. ಡೇವಿಡ್ ಇರೋದು ಫ್ಲಾರೆನ್ಸ್‌ನಲ್ಲಿ, ಇವನು ರೋಮ್‌ನಲ್ಲಿ."

"ರೋಮ್ ಅಂದಮೇಲೆ ರೋಮ ಇರಲೇಬೇಕಲ್ಲ," ಅಂದೆ. ಯಾರೂ ನಗಲಿಲ್ಲ.

"ಉಳಿಯದ್ದೇನೂ ತಪ್ಪಿಲ್ಲ," ಅಂದರು ಮೇಷ್ಟ್ರು. "ಪ್ರವಾದಿಗೆ ಕೂದಲು ಬೇಕು, ಚೆಲುವನಿಗೆ ಬೇಡ. ಗ್ರೀಕರ ಕಾಲದಿಂದ ಬಂದ ಲೆಕ್ಕ ಅದು."

"ಆ ಲೆಕ್ಕವನ್ನು ಆಮೇಲೆ ಅಮೆರಿಕದ ಅಂಚೆ ಇಲಾಖೆ ಮುಂದುವರಿಸಿತು," ಅಂದ ಕರಡಿ. ನಮಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದ. 1951ರಲ್ಲಿ ಲಾಸ್ ಏಂಜಲೀಸ್‌ನ ಬಾಬ್ ಮೈಜರ್ ಅನ್ನುವ ಫೋಟೊಗ್ರಾಫರ್ 'ಫಿಸೀಕ್ ಪಿಕ್ಟೋರಿಯಲ್' ಅಂತ ಪುಟ್ಟ ಪತ್ರಿಕೆ ತೆಗೆದ. ಹೆಸರಿಗೆ ಅಂಗಸಾಧನೆ, ಆರೋಗ್ಯ, ಕಲೆ. ಕೊಳ್ಳುವವರು ಯಾರು ಅಂತ ಮಾರುವವನಿಗೂ ಗೊತ್ತು, ತಡೆಯುವವನಿಗೂ ಗೊತ್ತು. ಅಂಚೆಯಲ್ಲಿ ಹೋಗಬೇಕಾದರೆ ಲಂಗೋಟಿ ಕಡ್ಡಾಯ. ಅದರಾಚೆ ಒಂದು ಕೂದಲು ಕಂಡರೂ ಅಶ್ಲೀಲ. ಫೋಟೊ ಮೇಲೆ ಶಾಯಿಯಲ್ಲೇ ಲಂಗೋಟಿ ಬಿಡಿಸಿದ್ದೂ ಉಂಟು. ಇಂಥ ಪತ್ರಿಕೆಗಳು ಅಶ್ಲೀಲ ಅಲ್ಲ ಅಂತ ಹೇಳೋಕೆ 1962ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಬರಬೇಕಾಯ್ತು.

"ಮೈಗೆ ಎಣ್ಣೆ, ಸೊಂಟಕ್ಕೆ ಶಾಯಿ," ಅಂದ ನುಣುಪ.

"ಅದೇ ಪತ್ರಿಕೆಯ 1957ರ ಮುಖಪುಟದಲ್ಲಿ ಮರ ಕಡಿಯುವವರ ಚಿತ್ರ ಬಂತು. ಬರೆದವನು ಫಿನ್‌ಲೆಂಡಿನ ತೌಕೊ ಲಾಕ್ಸೊನೆನ್. ಆ ಹೆಸರು ಯಾರ ಬಾಯಲ್ಲಿ ಹೊರಳುತ್ತೆ? ಟಾಮ್ ಆಫ್ ಫಿನ್‌ಲೆಂಡ್ ಅಂತ ಮಾಡಿದರು."

ಈತನ ಚಿತ್ರ ನಾನೂ ನೋಡಿದ್ದೇನೆ. ಗೇ ಅಂದರೆ ಸೊಂಟ ಬಳುಕಿಸುವವನು ಅಂತ ಜಗತ್ತು ನಗುತ್ತಿದ್ದ ಕಾಲದಲ್ಲಿ ನಾವಿಕರು, ಪೊಲೀಸರು, ಚರ್ಮದ ಜಾಕೆಟ್ಟಿನ ಬೈಕ್ ಸವಾರರನ್ನು ಬರೆದ. ಒಬ್ಬೊಬ್ಬರ ಭುಜವೂ ಬಾಗಿಲಿಗೆ ಅಡ್ಡ ಬರುವಷ್ಟು ಅಗಲ. ಮೇಲಾಗಿ ಎಲ್ಲರೂ ನಗುತ್ತಿದ್ದಾರೆ, ಯಾರಿಗೂ ತಪ್ಪಿತಸ್ಥನ ಮುಖ ಇಲ್ಲ. ನನಗೆ ಹಿಡಿಸಿದ್ದು ಆ ನಗು. ಆದರೆ ಮೀಸೆ ಇಷ್ಟು ದಪ್ಪ ಇರುವವನ ಎದೆ ಎಷ್ಟೋ ಚಿತ್ರಗಳಲ್ಲಿ ಪಾಲಿಶ್ ಹೊಡೆದ ಮೇಜು. ಕೂದಲು ಗಂಟಲ ಹತ್ತಿರ ಬಂದು ಹೆದರಿ ನಿಂತುಬಿಟ್ಟಿತಾ?

"ಪೆನ್ಸಿಲ್ ಕೆಲಸ ಗೊತ್ತಿಲ್ಲ ನಿನಗೆ," ಅಂದರು ಮೇಷ್ಟ್ರು. "ಸ್ನಾಯುವಿನ ಹೊಳಪು ತೋರಿಸಬೇಕಾದರೆ ಮೇಲೆ ಹುಲ್ಲು ಬೆಳೆದಿರಬಾರದು."

"ಅದಿರಲಿ, 2014ರಲ್ಲಿ ಫಿನ್‌ಲೆಂಡ್ ಅವನ ಚಿತ್ರಗಳನ್ನು ಅಂಚೆಚೀಟಿ ಮಾಡಿತು," ಅಂದ ಕರಡಿ. "ಒಂದು ದೇಶದ ಅಂಚೆ ಚೀಲದೊಳಗೆ ಬಿಡೋಕೆ ಹಿಂದೆಮುಂದೆ ನೋಡಿದ್ದನ್ನ ಇನ್ನೊಂದು ದೇಶದ ಅಂಚೆ ಲಕೋಟೆ ಮೇಲೇ ಅಂಟಿಸಿತು."

"ನಿನ್ನ ಬಿರುದಿನ ಕಥೆ ಏನಾಯ್ತು?" ಅಂದೆ.

ಅದಕ್ಕೆ ಮಾತ್ರ ಅವನು ಸ್ವಲ್ಪ ಮೆತ್ತಗಾದ. 80ರ ದಶಕದಲ್ಲಿ ಏಡ್ಸ್ ಬಂತು. ನುಣ್ಣಗೆ ಬೋಳಿಸಿದ ಜಿಮ್ ಮೈ, ಕಲೆಯಿಲ್ಲದ ಚರ್ಮ, ಇವು 'ನನಗೆ ರೋಗ ಇಲ್ಲ' ಅನ್ನುವ ಬೋರ್ಡಿನ ಹಾಗೆ ಚಾಲ್ತಿಗೆ ಬಂದವು ಅನ್ನುವವರಿದ್ದಾರೆ. ಇನ್ನೊಂದು ಕಡೆ, ಕಣ್ಣೆದುರೇ ಗೆಳೆಯರು ಸೊರಗಿ ಹೋಗುತ್ತಿದ್ದಾಗ ಹೊಟ್ಟೆ, ಗಡ್ಡ, ಮೈತುಂಬ ಕೂದಲಿರುವ ದಢೂತಿ ಗಂಡಸನ್ನು ನೋಡಿದರೇ ಜೀವಕ್ಕೆ ನೆಮ್ಮದಿ. 1987ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 'ಬೇರ್', ಅಂದರೆ ಕರಡಿ, ಅನ್ನುವ ಪತ್ರಿಕೆ ಹುಟ್ಟಿತು. 1995ಕ್ಕೆ ಕರಡಿಗಳಿಗೆ ಬಾವುಟವೂ ಬಂತು. ಕಂದು, ಬಿಳಿ, ಬೂದು, ಕಪ್ಪು, ಹೀಗೆ ತುಪ್ಪಳದ ಬಣ್ಣಗಳ ಪಟ್ಟೆ, ಮೂಲೆಯಲ್ಲೊಂದು ಪಂಜ.

ಆಮೇಲೆ ನಮ್ಮನ್ನೆಲ್ಲ ವಿಂಗಡಿಸಲು ಕೂತ. ಸಣಕಲು ಮೈ, ಆದರೆ ಕೂದಲು ಜಾಸ್ತಿ, ಹಾಗಾಗಿ ನಾನು ನೀರುನಾಯಿ. ಮೇಷ್ಟ್ರ ಎದೆ ಪೂರ್ತಿ ಬಿಳಿ, ಅವರು ಹಿಮಕರಡಿ. ಮೇಷ್ಟ್ರಿಗೆ ಒಳಗೊಳಗೇ ಖುಷಿ. ಬನಿಯನ್ ಸರಿಮಾಡಿಕೊಂಡರು.

"ನಾನು?" ಅಂದ ನುಣುಪ.

"ವಯಸ್ಸಿದ್ದಾಗ ಟ್ವಿಂಕ್ ಆಗ್ತಿದ್ದೆ, ಅಂದರೆ ನುಣ್ಣನೆ ಮೈಯ ಎಳೆ ಹುಡುಗ. ಈಗ ಏನೂ ಇಲ್ಲ."

ನುಣುಪನಿಗೆ ರೇಗಿತು. "ಇದೊಳ್ಳೆ ಕಥೆ. ಮೊದಲು ಕೂದಲಿದ್ದವನು ಅಸಹ್ಯ ಅಂದ್ರು. ಈಗ ಕೂದಲಿಲ್ಲದವನು ಲೆಕ್ಕಕ್ಕೇ ಇಲ್ಲ. ಗಂಡಸುತನ ಅಳೆಯೋ ಟೇಪು ಮಾತ್ರ ಅದೇ, ತಿರುಗಿಸಿ ಹಿಡಿದಿದ್ದೀರ ಅಷ್ಟೇ. ಸೊಂಟ ಬಳುಕಿಸುವವನು ಆಗಲೂ ಹೊರಗೆ, ಈಗಲೂ ಹೊರಗೆ."

ನಾನು ಅವನ ಪಕ್ಷ. ಕರಡಿ ಏನೋ ಹೇಳೋಕೆ ಬಾಯಿ ತೆರೆದು ಸುಮ್ಮನಾದ.

ಮೇಷ್ಟ್ರು ಜಗಳ ಬಿಡಿಸಿದರು. "ಜಪಾನಿನ ತಗಾಮೆ ಗೆಂಗೊರೊ ನೋಡು, ದಪ್ಪ ಗಂಡಸರ ಮೈಮೇಲೆ ಕೂದಲು ಬರೆಯೋದ್ರಲ್ಲಿ ಎತ್ತಿದ ಕೈ. ನಮ್ಮ ಭೂಪೇನ್ ಖಖ್ಖರ್ ಇನ್ನೊಂದು ಥರ. ಬದುಕಿಗೆ ಲೆಕ್ಕಪತ್ರದ ಕೆಲಸ, ಬಿಡುವಿನಲ್ಲಿ ಪೇಂಟಿಂಗ್. ಒಬ್ಬರನ್ನೊಬ್ಬರು ಅಪ್ಪಿಕೊಂಡ ಅವನ ಗಂಡಸರಲ್ಲಿ ತಲೆ ನರೆತವರಿದ್ದಾರೆ, ಹೊಟ್ಟೆ ಇಳಿದವರಿದ್ದಾರೆ. ಯಾರೂ ಹೀರೋ ಅಲ್ಲ. ಕರಡಿ, ನೀನು ಭಾನುವಾರ ಬಾ. ನಿನ್ನನ್ನು ಕೂರಿಸಿ ಬರೀತೀನಿ. ಎದೆಗೂದಲಿಗೆ ಒಂದು ದಿಕ್ಕಿರುತ್ತೆ, ನಡುವಿನಿಂದ ಎರಡೂ ಕಡೆ ಹೊರಳುತ್ತೆ, ಹೊಟ್ಟೆ ಹತ್ತಿರ ಒಂದೇ ಗೆರೆಯಾಗುತ್ತೆ. ಅದನ್ನು ಹಿಡಿಯೋದೇ ಕಷ್ಟ."

ಭಾನುವಾರ ಮೇಷ್ಟ್ರು ಆರು ಪೆನ್ಸಿಲ್ ಚೂಪು ಮಾಡಿಟ್ಟುಕೊಂಡು ಕಾದಿದ್ದರು. ಕರಡಿ ಬಂದ. ಕೂತ. ಅಂಗಿ ಬಿಚ್ಚಿದ.

ಕತ್ತಿನಿಂದ ಹೊಕ್ಕುಳವರೆಗೆ ಒಂದು ಎಳೆ ಇಲ್ಲ. ವ್ಯಾಕ್ಸ್ ಮಾಡಿಸಿಕೊಂಡ ಎದೆ ಕೆಂಪಗೆ ದದ್ದು ಎದ್ದಿತ್ತು.

"ಏನೋ ಇದು?" ಅಂದರು ಮೇಷ್ಟ್ರು.

"ಚಿತ್ರ ಬರೀತೀನಿ ಅಂದ್ರಲ್ಲ," ಅಂದ ಕರಡಿ, ಎದೆ ಕೆರೆದುಕೊಳ್ಳುತ್ತಾ. "ಸ್ವಲ್ಪ ನೀಟಾಗಿ ಬರೋಣ ಅಂತ."

ನುಣುಪ ಎದ್ದುಹೋಗಿ ಅವನ ಪಕ್ಕ ಕೂತ. ಮೇಷ್ಟ್ರು ಆರು ಪೆನ್ಸಿಲ್ಲನ್ನೂ ಡಬ್ಬಿಗೆ ಹಾಕಿ, "ತಿಂಗಳು ಬಿಟ್ಟು ಬಾ," ಅಂದರು.